ಜೋಳದ ಹಿಟ್ಟಿನಿಂದ ತಿನ್ನುವ ಬಟ್ಟಲು: ಮಾಡುವ ಕ್ರಮ

ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಿದೆ. ಅವುಗಳ ಜಾಗಕ್ಕೆ ಬಂದ ಕಾಗದದ ಲೋಟಗಳ ಒಳಮೈಗೂ ಬಹುಮಟ್ಟಿಗೆ ಪ್ಲಾಸ್ಟಿಕ್ ಪದರವೇ ಇರುವುದರಿಂದ, ತಿಂದೇ ಮುಗಿಸಬಹುದಾದ ಪಾತ್ರೆಗಳು ಇಂದು ನಿಜಕ್ಕೂ ಬೇಕಾಗಿವೆ. ಹೈದರಾಬಾದಿನ ನಾರಾಯಣ ಪೀಸಪಾಟಿ ಅವರು ಜೋಳ, ಅಕ್ಕಿ, ಗೋಧಿ ಹಿಟ್ಟುಗಳಿಂದ ಚಮಚ ತಯಾರಿಸಿ ಈ ದಾರಿ ತೋರಿಸಿದ್ದಾರೆ. ಚುರುಮುರಿ, ಉಸಲಿ ಹಾಕಿಕೊಡುವಷ್ಟು ಗಟ್ಟಿಯಾದ ಬಟ್ಟಲನ್ನು ಓವನ್ ಇರುವ ಮನೆಯಲ್ಲೇ ಮಾಡಬಹುದು.

ಮೊದಲು ಒಂದು ಕಪ್ ಜೋಳದ ಹಿಟ್ಟಿಗೆ ಉಪ್ಪು, ಜೀರಿಗೆ ಬೆರೆಸಿ, ರೊಟ್ಟಿಗೆ ಮಾಡುವಂತೆಯೇ ಕುದಿಯುವ ಎಸರು ಹಾಕಿ ಐದು ನಿಮಿಷ ಮುಚ್ಚಿಡಿ. ಗೋಧಿ ಹಿಟ್ಟಿಗೆ ಅಂಟು ಕೊಡುವ ಗ್ಲುಟೆನ್ ಎಂಬ ಪ್ರೋಟೀನ್ ಜೋಳದಲ್ಲಿ ಇಲ್ಲ. ಬಿಸಿನೀರಿಗೆ ಉಬ್ಬಿದ ಪಿಷ್ಟವೇ ಹಿಟ್ಟನ್ನು ಹಿಡಿದಿಡಬೇಕು. ಅದಷ್ಟೇ ಸಾಲದೆ ಅಂಚು ಬಿರಿಯುವುದರಿಂದ, ಬಿಸಿ ಆರಿದ ಮೇಲೆ ಒಂದು ಕಪ್ ಗೋಧಿ ಹಿಟ್ಟು ಸೇರಿಸಿ, ಬೇಕಾದಷ್ಟೇ ನೀರು ಚಿಮುಕಿಸಿ, ಪೂರಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ. ಸೋಡಾ ಹಾಕಬಾರದು, ಅದರಿಂದ ಉಂಟಾಗುವ ಸಣ್ಣ ರಂಧ್ರಗಳಲ್ಲಿ ರಸ ಸೋರುತ್ತದೆ.

ಅರ್ಧ ಗಂಟೆಯ ನಂತರ ಎರಡು–ಮೂರು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ. ಸ್ಟೀಲ್ ಬಟ್ಟಲನ್ನು ಬೋರಲು ಹಾಕಿ, ಹೊರಮೈಗೆ ಎಣ್ಣೆ ಸವರಿ, ಲಟ್ಟಿಸಿದ ಹಿಟ್ಟಿನ ಹಾಳೆಯನ್ನು ಅದರ ಮೇಲೆ ಹೊದಿಸಿ, ನೆರಿಗೆ ಉಳಿಯದಂತೆ ಒತ್ತಿ, ಅಂಚನ್ನು ಕತ್ತರಿಸಿ. 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಪ್ಪತ್ತು–ಇಪ್ಪತ್ತೈದು ನಿಮಿಷ ಬೇಯಿಸಿದರೆ ಅಂಚು ಕಂದು ಬಣ್ಣಕ್ಕೆ ತಿರುಗುತ್ತದೆ.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ, ಆದರೆ ಬಟ್ಟಲಿನ ಗಟ್ಟಿತನ ನಿಂತಿರುವುದು ಮುಂದಿನ ಹಂತದಲ್ಲಿ. ಒಳಗಿನ ಸ್ಟೀಲ್ ಬಟ್ಟಲನ್ನು ತೆಗೆದು, ಓವನ್ನಿನ ಶಾಖವನ್ನು 110 ಡಿಗ್ರಿಗೆ ಇಳಿಸಿ, ಸುಮಾರು ಮುಕ್ಕಾಲು ಗಂಟೆ ಒಣಗಿಸಬೇಕು. ತಳವನ್ನು ಬೆರಳಿನಿಂದ ತಟ್ಟಿದಾಗ ಒಣ ಹಪ್ಪಳದಂತಹ ಸದ್ದು ಬಂದರೆ ತೇವ ಹೋಗಿದೆ. ಸದ್ದು ಮಂದವಾಗಿದ್ದರೆ ಇನ್ನಷ್ಟು ಹೊತ್ತು ಒಳಗಿಡಿ. ಪೂರ್ತಿ ತಣ್ಣಗಾಗುವ ಮೊದಲೇ ಡಬ್ಬಿಗೆ ತುಂಬಿದರೆ ಹಬೆ ಬೆವೆತು ಬಟ್ಟಲು ಮೆತ್ತಗಾಗುತ್ತದೆ, ಬೂಸ್ಟೂ ಹಿಡಿಯುತ್ತದೆ.

ಬಿಸಿ ಸಾರಿಗೆ ಈ ಬಟ್ಟಲು ಹೊಂದುವುದಿಲ್ಲ. ಒದ್ದೆ ಪದಾರ್ಥವನ್ನು ತಿನ್ನುವ ಹೊತ್ತಿಗೇ ಹಾಕಬೇಕು. ಮಾರಾಟಕ್ಕೆ ಮಾಡುವವರು ಧೂಳು ತಾಗದಂತೆ ಕಾಗದದಲ್ಲಿ ಸುತ್ತಿ, ಮುಚ್ಚಳದ ಡಬ್ಬಿಯಲ್ಲಿಡಲಿ. ಪ್ಲಾಸ್ಟಿಕ್ ಕವರಿನಲ್ಲಿ ಕೊಟ್ಟರೆ ಇಷ್ಟೆಲ್ಲ ಮಾಡಿದ ಉದ್ದೇಶವೇ ಕೆಡುತ್ತದೆ. ಜೋಳದ ಹೆಸರು ಕೇಳಿ ಗೋಧಿ ಒಗ್ಗದವರೂ ತಿನ್ನುವ ಸಾಧ್ಯತೆ ಇರುವುದರಿಂದ, ಇದರಲ್ಲಿ ಗೋಧಿ ಹಿಟ್ಟಿದೆ ಎಂಬುದನ್ನು ಕಾಣುವಂತೆ ಬರೆದಿಡಲೇಬೇಕು.