ಕೈಗೆ ಬಂದ ಚೊಂಬು

ಶಿವಮೊಗ್ಗ ಸೀಮೆಯ ಹವ್ಯಾಸಿ ಛಾಯಾಗ್ರಾಹಕರಿಗೆ ಆಷಾಢ ಬಂತೆಂದರೆ ಕೈ ಕಟ್ಟಿದಂತಾಗುತ್ತದೆ. ಮಂಡಗದ್ದೆ ಪಕ್ಷಿಧಾಮದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುವುದು ಅದೇ ಹೊತ್ತಿಗೆ, ನಿಜ. ಆದರೆ ಮಳೆ ಬಿಡುವು ಕೊಡುವುದಿಲ್ಲ. ಕ್ಯಾಮೆರಾ ಹೊರಗೆ ತೆಗೆದರೆ ನೀರು, ಒಳಗಿಟ್ಟರೆ ಲೆನ್ಸಿಗೆ ಬೂಷ್ಟು. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟು ದೀಪಾವಳಿಯವರೆಗೆ ಕಾಯುವುದು ಬೇಡ, ಮನೆಯೊಳಗೇ ಏನಾದರೂ ಮಾಡೋಣ ಎಂದು ನಮ್ಮ ಗೆಳೆಯರ ಬಳಗ ಒಂದು ಪಂಥ ಕಟ್ಟಿಕೊಂಡಿತು. ಬಳಗವೆಂದರೆ ನಿವೃತ್ತ ಮೇಷ್ಟ್ರೊಬ್ಬರು, ಔಷಧದಂಗಡಿ ನಡೆಸುವ ಒಬ್ಬರು, ಅಡಿಕೆ ಬೆಳೆಗಾರರು, ಬ್ಯಾಂಕಿನವರು, ಹೀಗೆ.

ಪಂಥದ ಕಟ್ಟಳೆಗಳು ಸರಳ. ತಿಂಗಳಿಗೊಂದು ವಸ್ತು, ಎಲ್ಲರಿಗೂ ಅದೇ. ಸರದಿಯ ಮೇಲೆ ಒಬ್ಬೊಬ್ಬರು ಆರಿಸಬೇಕು. ಅದು ಅಡುಗೆಮನೆಯಲ್ಲೋ ಅಟ್ಟದ ಮೇಲೋ ಇರುವಂಥದ್ದಾಗಬೇಕು, ದುಡ್ಡು ಕೊಟ್ಟು ತರುವಂತಿಲ್ಲ. ಬೆಳಕಿನ ಮೂಲ ಒಂದೇ ಇರಬೇಕು. ಚಿತ್ರದ ಜೊತೆಗೆ, ಅದನ್ನು ಹೇಗೆ ಜೋಡಿಸಿಕೊಂಡು ತೆಗೆದಿರಿ ಎಂದು ತೋರಿಸುವ ಇನ್ನೊಂದು ಫೋಟೊ ಕಡ್ಡಾಯ. ಬಹುಮಾನವಿಲ್ಲ, ಅಂಕವಿಲ್ಲ. 'ಸೂಪರ್', 'ಅದ್ಭುತ' ನಿಷಿದ್ಧ. ಅಭಿಪ್ರಾಯ ಹೇಳುವವರು ತಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿಗೆ ಜಾರಿತು ಎಂಬುದನ್ನು ಹೇಳಲೇಬೇಕು.

'ಒಂಟಿತನ', 'ಬಾಲ್ಯ' ಎಂಬಂಥ ವಿಷಯಗಳನ್ನು ಕೊಡೋಣವೆಂದು ಕೆಲವರು ಹೇಳಿದ್ದರು. ನಾನು ಒಪ್ಪಲಿಲ್ಲ. ಒಂಟಿತನವೆಂದರೆ ಎಲ್ಲರೂ ಖಾಲಿ ಕುರ್ಚಿ ತೆಗೆಯುತ್ತಾರೆ. ಒಂದೇ ವಸ್ತು ಎಲ್ಲರ ಕೈಯಲ್ಲಿದ್ದಾಗ ಕಥೆಯ ನೆಪ ಹೇಳಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಯಾರು ಬೆಳಕನ್ನು ನೋಡಿದ್ದಾರೆ, ಯಾರು ನೋಡಿಲ್ಲ ಎಂಬುದು ಪಕ್ಕಪಕ್ಕ ಇಟ್ಟ ಕೂಡಲೇ ತಿಳಿಯುತ್ತದೆ.

ಈ ಸಲ ಆರಿಸುವ ಸರದಿ ಔಷಧದಂಗಡಿಯವರದು. ಅವರು ಹಿತ್ತಾಳೆ ಚೊಂಬು ಎಂದರು. ಎಲ್ಲರ ಕೈಗೂ ಚೊಂಬು ಕೊಟ್ಟರಲ್ಲ ಎಂದು ಒಂದು ವಾರ ಅದೇ ತಮಾಷೆ ನಡೆಯಿತು.

ತಮಾಷೆ ಮುಗಿದು ಕ್ಯಾಮೆರಾ ಹಿಡಿದಾಗ ಗೊತ್ತಾಗುತ್ತದೆ, ಚೊಂಬು ಎಷ್ಟು ಹಟಮಾರಿ ಎಂದು. ಉಜ್ಜಿದ ಹಿತ್ತಾಳೆಗೆ ತನ್ನದೆಂಬ ಮೈ ಇಲ್ಲ. ಸುತ್ತ ಏನಿದೆಯೋ ಅದೇ ಅದರ ಮೈ. ಕಿಟಕಿ, ಕಿಟಕಿಯ ಸರಳುಗಳು, ಬಿಳಿ ಗೋಡೆ, ಕ್ಯಾಮೆರಾ, ಕ್ಯಾಮೆರಾದ ಹಿಂದೆ ಬಗ್ಗಿ ನಿಂತ ನಾನು, ಎಲ್ಲವೂ ಅದರ ಹೊಟ್ಟೆಯ ಮೇಲೆ ಹಾಜರು. ಗಾಜಿನ ಮೇಲೋ ನೀರಿನ ಮೇಲೋ ಇಂಥ ಪ್ರತಿಬಿಂಬ ಬಿದ್ದರೆ ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರನ್ನು ತಿರುಗಿಸಿ ತಗ್ಗಿಸಬಹುದು. ಲೋಹದ ಮುಂದೆ ಆ ಆಟ ನಡೆಯುವುದಿಲ್ಲ, ಏಕೆಂದರೆ ಲೋಹದಿಂದ ಮರಳುವ ಬೆಳಕು ಗಾಜಿನದರಂತೆ ಧ್ರುವೀಕರಣಗೊಳ್ಳುವುದಿಲ್ಲ, ಅಂದರೆ ಫಿಲ್ಟರ್ ತಡೆಯಬಲ್ಲಂತೆ ಒಂದೇ ದಿಕ್ಕಿನಲ್ಲಿ ಕಂಪಿಸುವುದಿಲ್ಲ. ಹಾಗಾಗಿ ಚೊಂಬಿನ ಫೋಟೊ ತೆಗೆಯಬೇಕಾದರೆ ಚೊಂಬನ್ನು ಬಿಟ್ಟು ಅದರ ಸುತ್ತಲಿನ ಕೋಣೆಯನ್ನು ಜೋಡಿಸಬೇಕು. ನಾನು ಮಾಡಿದ್ದು ಅಷ್ಟೇ.

ಮೊದಲು ಕಿಟಕಿ. ನಮ್ಮ ಪಡಸಾಲೆಯ ಕಿಟಕಿ ಉತ್ತರಕ್ಕಿದೆ, ನೇರ ಬಿಸಿಲು ಬೀಳುವುದಿಲ್ಲ. ಸರಳುಗಳು ಚೊಂಬಿನ ಮೇಲೆ ಕಪ್ಪು ಗೆರೆಗಳಾಗಿ ಮೂಡುತ್ತಿದ್ದುದರಿಂದ ಒಂದು ಬಿಳಿ ಪಂಚೆಯನ್ನು ಎರಡು ಮಡಿಕೆ ಮಾಡಿ ಕಿಟಕಿಗೆ ಇಳಿಬಿಟ್ಟೆ. ಸರಳುಗಳು ಮಾಯವಾಗಿ, ಚೊಂಬಿನ ಎಡಮಗ್ಗುಲಿನಲ್ಲಿ ಕಂಠದಿಂದ ಬುಡದವರೆಗೆ ಒಂದೇ ಉದ್ದನೆಯ ಬಿಳಿ ಪಟ್ಟಿ ಉಳಿಯಿತು. ಆ ಪಟ್ಟಿಯ ಅಗಲವೇ ಚಿತ್ರದ ಜೀವಾಳ. ಚೊಂಬನ್ನು ಕಿಟಕಿಯಿಂದ ದೂರ ಸರಿಸಿದರೆ ಪಟ್ಟಿ ಸಣಕಲಾಗುತ್ತದೆ, ಹತ್ತಿರ ತಂದರೆ ಹಿಗ್ಗುತ್ತದೆ. ಹತ್ತಿರ ಇಡುವುದರಲ್ಲಿ ಇನ್ನೊಂದು ಲಾಭವಿದೆ: ಕಿಟಕಿಯ ಬಳಿ ಬೆಳಕು ಬೇಗ ಇಳಿಯುವುದರಿಂದ ಹಿಂದಿನ ಗೋಡೆ ತಾನಾಗಿಯೇ ಕಪ್ಪಾಗುತ್ತದೆ, ಬೇರೆ ಹಿನ್ನೆಲೆ ಹುಡುಕಬೇಕಾಗಿಲ್ಲ.

ಬಲಮಗ್ಗುಲಿಗೆ ಸಾಮಾನ್ಯವಾಗಿ ಥರ್ಮಾಕೋಲ್ ಹಲಗೆ ಇಟ್ಟು ನೆರಳನ್ನು ತುಂಬುತ್ತಾರೆ. ಇಲ್ಲಿ ಅದರ ತದ್ವಿರುದ್ಧ ಬೇಕಿತ್ತು. ಎರಡೂ ಕಡೆ ಬೆಳ್ಳಗಾದರೆ ದುಂಡು ಸತ್ತು ಚೊಂಬು ಚಪ್ಪಟೆಯಾಗುತ್ತದೆ. ಒಂದು ಕಪ್ಪು ರಟ್ಟನ್ನು ಚೌಕಟ್ಟಿನ ಹೊರಗೆ ನಿಲ್ಲಿಸಿದೆ. ಬಲಗಡೆಯ ಅಂಚಿನಲ್ಲಿ ಕಪ್ಪು ಗೆರೆ ಬಂದು ಚೊಂಬಿನ ಹೊಟ್ಟೆ ಮುಂದಕ್ಕೆ ಉಬ್ಬಿತು. ಉಳಿದದ್ದು ನಾನು ಮತ್ತು ಕ್ಯಾಮೆರಾ. ದುಂಡನೆಯ ವಸ್ತುವಿನ ಮೇಲೆ ಕ್ಯಾಮೆರಾಗೆ ನೇರ ಎದುರಾಗಿರುವ ಒಂದು ಜಾಗ ಇದ್ದೇ ಇರುತ್ತದೆ, ಎಷ್ಟು ತಿರುಗಿಸಿದರೂ ಅಲ್ಲಿಂದ ತಪ್ಪಿಸಿಕೊಳ್ಳಲಾಗದು. ಬಟ್ಟೆ ಒಣಹಾಕುವ ಹಗ್ಗಕ್ಕೆ ಎರಡು ಕರಿ ಕಂಬಳಿಗಳನ್ನು ಹಾಕಿ, ಅವುಗಳ ನಡುವಿನ ಸಂದಿಯಿಂದ ಲೆನ್ಸ್ ಮಾತ್ರ ಇಣುಕುವಂತೆ ಮಾಡಿದೆ. ಉಣ್ಣೆಗೆ ಹೊಳಪಿಲ್ಲ, ಹಾಗಾಗಿ ರೇಷ್ಮೆಗಿಂತಲೂ ನೈಲಾನಿಗಿಂತಲೂ ಈ ಕೆಲಸಕ್ಕೆ ಕಂಬಳಿಯೇ ಮೇಲು. ಟ್ರೈಪಾಡನ್ನು ಸ್ವಲ್ಪ ಹಿಂದಕ್ಕೆ ಎಳೆದು 50 ಮಿ.ಮೀ. ಬದಲು, ದೂರದಿಂದಲೂ ವಸ್ತುವನ್ನು ದೊಡ್ಡದಾಗಿ ತೋರಿಸುವ 85 ಮಿ.ಮೀ. ಲೆನ್ಸ್ ಹಾಕಿದಾಗ ಚೊಂಬಿನ ಮೇಲೆ ಉಳಿದಿದ್ದ ಲೆನ್ಸಿನ ಬಿಂಬವೂ ಸಾಸಿವೆಯಷ್ಟಾಯಿತು.

ಬಣ್ಣದ ತಾಪತ್ರಯ ಮಲೆನಾಡಿನದು. ಹೊರಗಿನ ಅಡಿಕೆ ತೋಟವನ್ನು ದಾಟಿ ಬರುವ ಬೆಳಕಿಗೆ ಹಸಿರು ಛಾಯೆ ಇರುತ್ತದೆ, ನೀಲಿ ಹಾಕಿ ತೊಳೆದ ಪಂಚೆ ತನ್ನದೂ ಒಂದಿಷ್ಟು ಸೇರಿಸುತ್ತದೆ, ಹಿತ್ತಾಳೆಗೆ ಕಿಲುಬು ಹಿಡಿದಂತೆ ಕಾಣುತ್ತದೆ. ಪಂಚೆ ಕಟ್ಟಿದ ಮೇಲೆಯೇ ಚೊಂಬಿನ ಜಾಗದಲ್ಲಿ ಒಂದು ಬೂದು ಕಾರ್ಡ್ ಇಟ್ಟು ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವಂತೆ ಕ್ಯಾಮೆರಾದ ಬಣ್ಣದ ಲೆಕ್ಕ, ಹೊಂದಿಸಿದೆ. ಕೋಣೆಯ ದೀಪ ಆರಿಸುವುದು ಕಡ್ಡಾಯ. ಎರಡು ಬಗೆಯ ಬೆಳಕು ಬೆರೆತರೆ ಯಾವ ಹೊಂದಾಣಿಕೆಯೂ ಪೂರ್ತಿ ಸರಿಯಾಗುವುದಿಲ್ಲ. ಐಎಸ್‌ಓ 100 (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ಎಫ್/11 (ಲೆನ್ಸಿನ ರಂಧ್ರದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ರಂಧ್ರ ಕಿರಿದು), ಬೆಳಕು ಒಳಬಿಡುವ ಹೊತ್ತು ಎರಡು ಸೆಕೆಂಡ್. ಬಟನ್ ಒತ್ತುವ ಅಲುಗಾಟ ತಪ್ಪಲಿ ಎಂದು ಟೈಮರ್ ಇಟ್ಟೆ. ಎಲ್ಲವೂ ಸ್ಪಷ್ಟ ಬರಲೆಂದು ಎಫ್/22ಕ್ಕೆ ಹೋಗುವವರಿದ್ದಾರೆ; ಅಷ್ಟು ಕಿರಿದಾದ ರಂಧ್ರದಲ್ಲಿ ಬೆಳಕು ಹರಡಿ ಇಡೀ ಚಿತ್ರವೇ ಮೆತ್ತಗಾಗುತ್ತದೆ.

ಹುಣಸೆಹಣ್ಣು ಹಾಕಿ ತಿಕ್ಕಿ ಕೊಟ್ಟಿದ್ದ ಅಮ್ಮ ಮಧ್ಯಾಹ್ನ ಬಂದು ನೋಡಿದರು. ನಾನಿನ್ನೂ ರಟ್ಟನ್ನು ಒಂದೊಂದು ಬೆರಳು ಸರಿಸುತ್ತಿದ್ದೆ. "ಇಷ್ಟು ಹೊತ್ತು ದೇವರ ಮುಂದೆ ಕೂತಿದ್ದರೆ ವರವಾದರೂ ಸಿಗುತ್ತಿತ್ತಲ್ಲೋ" ಎಂದು ಹೇಳಿ ಒಳಗೆ ಹೋದರು.

ಅಲುಗಾಡದ ವಸ್ತುವಿನ ಮುಂದೆ ಹೀಗೆ ಕೂರುವುದು ಈ ಕಲೆಯ ಹುಟ್ಟಿನಿಂದಲೇ ಬಂದ ಅಭ್ಯಾಸ. ಛಾಯಾಗ್ರಹಣದ ಆದ್ಯರಲ್ಲಿ ಒಬ್ಬನಾದ ಫ್ರಾನ್ಸಿನ ಡಾಗೇರ್ 1837ರಲ್ಲಿ ತನ್ನ ಲೋಹದ ತಟ್ಟೆಯ ಮೇಲೆ ಮೂಡಿಸಿದ್ದು ಪ್ಲಾಸ್ಟರ್ ಶಿಲ್ಪಗಳನ್ನಿಟ್ಟ ಒಂದು ಮೂಲೆಯನ್ನು. ಆಗಿನ ದೀರ್ಘ ಎಕ್ಸ್‌ಪೋಷರಿಗೆ ತಾಳಿಕೊಂಡು ಕದಲದೆ ಇರುತ್ತಿದ್ದುದು ಅಂಥವೇ. ನನಗೆ ಅವನಿಗಿಂತ ಹೆಚ್ಚು ಇಷ್ಟ ಪ್ರಾಗ್ ನಗರದ ಛಾಯಾಗ್ರಾಹಕ ಯೋಸೆಫ್ ಸುಡೆಕ್. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡವನು, ದೊಡ್ಡ ಕ್ಯಾಮೆರಾವನ್ನು ಒಂದೇ ಕೈಯಲ್ಲಿ ಸಂಭಾಳಿಸಿಕೊಂಡು, ತನ್ನ ಸ್ಟುಡಿಯೋದ ಕಿಟಕಿಯನ್ನೂ ಅದರ ಕಟ್ಟೆಯ ಮೇಲಿಟ್ಟ ಲೋಟ, ಹೂವುಗಳನ್ನೂ ವರ್ಷಗಟ್ಟಲೆ ತೆಗೆದ.

ಎಲ್ಲರ ಚಿತ್ರಗಳು ಬಂದವು. ಒಬ್ಬರು ಚೊಂಬಿನ ಪಕ್ಕ ವೀಳ್ಯದೆಲೆ, ಮಲ್ಲಿಗೆ ದಂಡೆ, ಅರಿಶಿನದ ಕೊಂಬು ಜೋಡಿಸಿದ್ದರು; ಚಿತ್ರ ಮದುವೆಯ ಕರೆಯೋಲೆಯಂತಿತ್ತು, ಹಾಗೆಂದೇ ಹೇಳಿದೆ. ಔಷಧದಂಗಡಿಯವರ ಯೋಚನೆ ಚೆನ್ನಾಗಿತ್ತು. ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ 1930ರಲ್ಲಿ ಒಂದು ದಪ್ಪ ಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗೆ ಇಟ್ಟು ತೆಗೆದ ಚಿತ್ರ ಹೆಸರಾದದ್ದು. ಆಲಿಕೆಯ ಒಳಮೈ ಎಲ್ಲ ಕಡೆಯಿಂದಲೂ ಬೆಳಕನ್ನು ಮೆಣಸಿನಕಾಯಿಯ ಮೇಲೆ ಚೆಲ್ಲುತ್ತದೆ. ಇವರು ಅಲ್ಯೂಮಿನಿಯಂ ಕೊಳಗವನ್ನು ಅಡ್ಡ ಮಲಗಿಸಿ ಚೊಂಬನ್ನು ಅದರೊಳಗೆ ಇಟ್ಟಿದ್ದರು. ಬೆಳಕು ಮೆದುವಾಗಿ ಬಂದಿತ್ತು, ಚೊಂಬಿನ ಅಂಚುಗಳು ಮಾತ್ರ ಕೊಳಗದಲ್ಲೇ ಕರಗಿ ಹೋಗಿದ್ದವು. ಮೆಣಸಿನಕಾಯಿಗೆ ತನ್ನದೇ ಮಡಿಕೆಗಳಿವೆ, ನೆರಳು ಅಲ್ಲಿಂದಲೇ ಹುಟ್ಟುತ್ತದೆ. ನುಣುಪು ಚೊಂಬಿಗೆ ನೆರಳನ್ನು ಹೊರಗಿನಿಂದ ಕೊಡಬೇಕು.

ಎಲ್ಲರನ್ನೂ ಸುಮ್ಮನಾಗಿಸಿದ್ದು ಮೇಷ್ಟ್ರು, ಅದೂ ಮೊಬೈಲಿನಲ್ಲಿ. ಅವರು ಚೊಂಬನ್ನು ಉಜ್ಜಲೇ ಇಲ್ಲ. ಕತ್ತಲೆ ಕೋಣೆಯಲ್ಲಿ ಒಂದು ಟಾರ್ಚನ್ನು ಚೊಂಬಿನ ಮೈಗೆ ಸವರಿಕೊಂಡು ಹೋಗುವ ಹಾಗೆ ಪಕ್ಕದಿಂದ ಬಿಟ್ಟು, ಕಂಠದ ಕೆಳಗೆ ಚುಕ್ಕೆಚುಕ್ಕೆಯಾಗಿ ಕೊರೆಸಿದ್ದ ಹೆಸರನ್ನು ಮಾತ್ರ ಚೌಕಟ್ಟಿಗೆ ತಂದಿದ್ದರು. ಮದುವೆಗೆ ಉಡುಗೊರೆ ಕೊಟ್ಟವರ ಹೆಸರು. ಎದುರಿನ ಬೆಳಕಿನಲ್ಲಿ ಕಾಣದಷ್ಟು ಸವೆದಿದ್ದ ಅಕ್ಷರಗಳ ಒಂದೊಂದು ತಗ್ಗಿಗೂ ಒಂದು ಬದಿ ಬೆಳಕು, ಒಂದು ಬದಿ ನೆರಳು ಸಿಕ್ಕಿತ್ತು. ಕೊನೆಯ ಅಕ್ಷರದ ಒತ್ತು ನೆಗ್ಗಿನೊಳಗೆ ಜಾರಿ ಅರ್ಧಕ್ಕೆ ನಿಂತಿತ್ತು. ಹೊಳಪಿನ ಜೊತೆ ನಾನು ನಡೆಸಿದ ಇಡೀ ಗುದ್ದಾಟವನ್ನು ಅವರು ಕಿಲುಬನ್ನು ಉಳಿಸಿಕೊಂಡೇ ದಾಟಿಬಿಟ್ಟಿದ್ದರು. ಜೋಡಣೆಯ ಫೋಟೊ ಕಡ್ಡಾಯ ಎಂಬ ಕಟ್ಟಳೆಗೆ ಬೆಲೆ ಬರುವುದು ಇಂಥಲ್ಲಿ: ಮರುದಿನವೇ ಬಳಗದ ಅರ್ಧ ಜನ ತಮ್ಮ ತಮ್ಮ ಮನೆಯ ಪಾತ್ರೆಗಳ ಮೇಲಿನ ಹೆಸರುಗಳಿಗೆ ಟಾರ್ಚ್ ಬಿಡತೊಡಗಿದರು.

ಬರುವ ತಿಂಗಳ ವಸ್ತು ಗಾಜಿನ ಲೋಟ, ಆರಿಸಿದವನು ನಾನೇ. ಅದಕ್ಕೆ ಎರಡು ದಾರಿಗಳಿವೆ. ಹಿಂದೆ ಬೆಳಗಿದ ಪಂಚೆ, ಎರಡು ಮಗ್ಗುಲಿಗೂ ಕಪ್ಪು ರಟ್ಟು ಇಟ್ಟರೆ ಲೋಟದ ಅಂಚು ಕಪ್ಪು ಗೆರೆಯಾಗಿ ಬರುತ್ತದೆ. ನೇರ ಹಿಂದೆ ಕಪ್ಪು ರಟ್ಟು ಇಟ್ಟು ಅದರ ಸುತ್ತಲಿನಿಂದ ಮಾತ್ರ ಬೆಳಕು ಬರುವಂತೆ ಮಾಡಿದರೆ ಅಂಚು ಬೆಳ್ಳಗೆ ಹೊಳೆಯುತ್ತದೆ. ನಾನು ಎರಡನೆಯದಕ್ಕೆ ಹೊರಟಿದ್ದೇನೆ. ಲೋಟದಲ್ಲಿ ನೀರು ಇರಬಹುದೇ, ಇದ್ದರೆ ಅದು ಎರಡನೆಯ ವಸ್ತುವಾಗುವುದಿಲ್ಲವೇ ಎಂಬ ಜಗಳ ಇನ್ನೂ ತೀರಿಲ್ಲ. ಮೇಷ್ಟ್ರು ನೀರಿನ ಪರ, ಬ್ಯಾಂಕಿನವರು ವಿರೋಧ.