ಬಿಪಿ ನೋಡೋ ಹೊತ್ತಲ್ಲೇ ಮರೆವೂ ನೋಡೋದು – ನನ್ನ ಅನುಭವ

ಕೋಲಾರ ಜಿಲ್ಲೆಯ ಒಂದು ಹೋಬಳಿ ಊರಲ್ಲಿ ನನ್ನ ಕ್ಲಿನಿಕ್ ಇರೋದು, ತಿಂಗಳು ತಿಂಗಳು ಬಿಪಿ ಶುಗರ್ ಮಾತ್ರೆಗೆ ಬರೋ ವಯಸ್ಸಾದವರೇ ಜಾಸ್ತಿ. ಮರೆವು ಅಂತ ಹೇಳ್ಕೊಂಡು ಯಾರೂ ಬರಲ್ಲ. ನಾವಾಗೇ ಕೇಳಿದ್ರೆ "ಅರವತ್ತಾಯ್ತಲ್ಲ ಡಾಕ್ಟ್ರೇ, ಅರಳುಮರಳು" ಅಂತಾರೆ ಮನೆಯವ್ರು. ಆದ್ರೆ ಅಲ್ಜೈಮರ್ಸ್ ಅನ್ನೋ ಮರೆವಿನ ಕಾಯಿಲೆಲಿ ಅಮಿಲಾಯ್ಡ್ ಅನ್ನೋ ಪ್ರೋಟೀನ್ ಮೆದುಳಲ್ಲಿ ಸೇರೋಕೆ ಶುರುವಾಗಿ ಹದಿನೈದಿಪ್ಪತ್ತು ವರ್ಷ ಆದ್ಮೇಲೇ ಮರೆವು ಹೊರಗೆ ಕಾಣೋದು, ಅದಕ್ಕೇ ಅರವತ್ತು ದಾಟಿದ ಪ್ರತಿಯೊಬ್ಬರಿಗೂ ಬಿಪಿ ಪಟ್ಟಿ ಸುತ್ತೋ ಹೊತ್ತಲ್ಲೇ ಮರೆವಿನ ಪರೀಕ್ಷೆನೂ ಸೇರಿಸ್ಕೊಂಡೆ.

ಗಡಿಯಾರದ ಚಿತ್ರ ಬರೆಸೋ ಟೆಸ್ಟ್ ನಮ್ಮ ಕಡೆ ನಡೆಯಲ್ಲ. ಸ್ಕೂಲ್ ಮೆಟ್ಟಿಲೇ ಹತ್ತದ ಅಜ್ಜಿ ಕೈಗೆ ಪೆನ್ನು ಕೊಟ್ರೆ ಏನು ಗೊತ್ತಾಗುತ್ತೆ? ನಾನು "ರಾಗಿ, ಬಾವಿ, ಕಂಬಳಿ" ಅಂತ ಮೂರು ಪದ ಹೇಳಿ, ಅವ್ರ ಬಾಯಲ್ಲೂ ಹೇಳಿಸಿ, ಬಿಪಿ ನೋಡಿ ಊಟ ನಿದ್ದೆ ವಿಚಾರ ಮಾತಾಡಿ ಆಮೇಲೆ ವಾಪಸ್ ಕೇಳ್ತೀನಿ. ಅದಕ್ಕಿಂತ ಮುಖ್ಯ, ಸೊಸೆನೋ ಮಗನ್ನೋ ಪಕ್ಕಕ್ಕೆ ಕರೆದು ಒಂದೇ ಪ್ರಶ್ನೆ: ಹೋದ ವರ್ಷ ತಾವೇ ಮಾಡ್ತಿದ್ದ ಯಾವ ಕೆಲಸ ಈಗ ಬಿಟ್ಟಿದ್ದಾರೆ?

ಡೈರಿಗೆ ಹಾಲು ಹಾಕೋ ಒಬ್ಬ ಅಮ್ಮ ಬರ್ತಿದ್ರು. ಬಟವಾಡೆ ಲೆಕ್ಕ ಎಲ್ಲ ಬಾಯಲ್ಲೇ. ಸೊಸೆ ಹೇಳಿದ್ಲು, ಈಗೀಗ ಪಾಸ್‌ಬುಕ್ಕು ನನ್ನ ಕೈಗೇ ಕೊಟ್ಟುಬಿಡ್ತಾರೆ, ಸಾರಿಗೆ ಎರಡೆರಡು ಸಲ ಉಪ್ಪು ಹಾಕ್ತಾರೆ ಅಂತ. ಮೂರು ಪದದಲ್ಲಿ ರಾಗಿ ಒಂದೇ ಬಂತು. ಶುಗರಿಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಂಡೋರಲ್ಲಿ ಬಿ12 ವಿಟಮಿನ್ ಇಳಿಯಬಹುದು, ಅದು ಕಮ್ಮಿಯಾದ್ರೂ ಮರೆವು ಬರುತ್ತೆ, ಹಾಗಾಗಿ ಬಿ12, ಥೈರಾಯ್ಡ್ ಎರಡೂ ಮಾಡಿಸಿದೆ, ಬಿ12 ತೀರಾ ಕಮ್ಮಿ ಇತ್ತು. ಇಂಜೆಕ್ಷನ್ ಶುರು ಮಾಡಿ ಕೆಲವು ತಿಂಗಳಾದ್ಮೇಲೆ ಬಟವಾಡೆ ಲೆಕ್ಕ ಮತ್ತೆ ಅವ್ರೇ ಹೇಳೋಕೆ ಶುರು ಮಾಡಿದ್ರು. ಇಂಥ ವಾಸಿಯಾಗೋ ಮರೆವನ್ನ ಅರಳುಮರಳು ಅಂತ ಬಿಟ್ಟುಬಿಟ್ರೆ ಹೊಟ್ಟೆ ಉರಿಯುತ್ತೆ ನಂಗೆ.

ಎಲ್ಲರದ್ದೂ ಹಾಗಾಗಲ್ಲ. ರಿಟೈರ್ ಆದ ಒಬ್ಬ ಮೇಷ್ಟ್ರಿಗೆ ಬ್ಲಡ್ ಟೆಸ್ಟ್ ಎಲ್ಲ ಸರಿ ಇತ್ತು, ಆದ್ರೂ ದಾರಿ ತಪ್ಪೋದು ನಿಲ್ಲಲಿಲ್ಲ, ನಿಮ್ಹಾನ್ಸ್‌ಗೆ ಕಳಿಸಿದೆ. ಐಸಿಎಂಆರ್ (ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ) ಮಾಡಿಸಿರೋ ನೆನಪು-ಯೋಚನೆ ಟೆಸ್ಟುಗಳು ಕನ್ನಡದಲ್ಲೂ ಇವೆ, ಅದು ದೊಡ್ಡ ಅನುಕೂಲ. ಅಲ್ಜೈಮರ್ಸ್ ಅಂತ್ಲೇ ಆಯ್ತು. ಡೊನೆಪೆಜಿಲ್ ಮಾತ್ರೆ ಕಾಯಿಲೆ ನಿಲ್ಲಿಸಲ್ಲ, ಕೆಲವರಿಗೆ ಸ್ವಲ್ಪ ಕಾಲ ನೆನಪಿಗೆ, ದಿನದ ಕೆಲಸಕ್ಕೆ ಸಹಾಯ ಮಾಡುತ್ತೆ ಅಷ್ಟೆ. ಆದ್ರೆ ಬೇಗ ಗೊತ್ತಾಗಿದ್ದಕ್ಕೆ ಜಮೀನು ಪತ್ರ, ಬ್ಯಾಂಕ್ ಖಾತೆ ಎಲ್ಲ ಅವ್ರಿಗೆ ತಿಳುವಳಿಕೆ ಇದ್ದಾಗ್ಲೇ ಅವ್ರ ಇಷ್ಟದ ಪ್ರಕಾರನೇ ಆಯ್ತು.

ತಡೆಯೋ ವಿಷಯಕ್ಕೆ ಬಂದ್ರೆ, ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ತಜ್ಞರ ಕಮಿಷನ್ 2024ರಲ್ಲಿ 14 ಕಾರಣ ಪಟ್ಟಿ ಮಾಡಿ, ಅವನ್ನೆಲ್ಲ ಸರಿಪಡಿಸಿದ್ರೆ ಡಿಮೆನ್ಷಿಯಾದಲ್ಲಿ (ಅಲ್ಜೈಮರ್ಸ್ ಥರದ ಮರೆವಿನ ಕಾಯಿಲೆಗಳಲ್ಲಿ) ಸುಮಾರು 45% ತಡೀಬಹುದು ಇಲ್ಲಾ ಮುಂದೂಡಬಹುದು ಅಂದಿದೆ. ನಾನು ಪಟ್ಟು ಹಿಡಿಯೋದು ಬಿಪಿ, ಶುಗರ್, ಬೀಡಿ, ಕಿವಿ. ಬಿಪಿ ಮಾತ್ರೆ ನಲವತ್ತರಲ್ಲೇ ಶುರು ಆಗ್ಬೇಕಿದ್ರೆ ಆಗ್ಲೇಬೇಕು, ತಲೆನೋವಿಲ್ಲ ಅಂತ ಬಿಡೋ ಹಾಗಿಲ್ಲ. ಕಿವಿ ಕೇಳದಿರೋದೂ ಆ ಪಟ್ಟಿಲಿದೆ, ನಮ್ಮಲ್ಲಿ ಅದನ್ನ ಯಾರೂ ಕಾಯಿಲೆ ಅಂದ್ಕೊಳ್ಳೋದೇ ಇಲ್ಲ, ಗುಗ್ಗೆ ತೆಗೆದ್ರೇನೇ ಎಷ್ಟೋ ಜನ ಜಗಲಿ ಹರಟೆಗೆ ಮತ್ತೆ ಬಂದು ಕೂರ್ತಾರೆ, ಉಳಿದೋರಿಗೆ ಮೆಷಿನ್ ಹಾಕಿಸ್ತೀನಿ. ನೆನಪಿನ ಟಾನಿಕ್ ಬರ್ಕೊಡಿ ಅಂತಾರೆ, ಬರ್ಕೊಡಲ್ಲ. ಆ ದುಡ್ಡಲ್ಲಿ ಕನ್ನಡಕ ಮಾಡಿಸಿ ಅಂತೀನಿ, ಕಣ್ಣು ಮಂಜಾಗೋದೂ ಆ ಪಟ್ಟಿಲಿದೆ. ನಮ್ಮ ಪಕ್ಕದ ಶ್ರೀನಿವಾಸಪುರ ತಾಲೂಕಲ್ಲೇ ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯ ಮೆದುಳು ಸಂಶೋಧನಾ ಕೇಂದ್ರದವ್ರು 45 ದಾಟಿದ ಹಳ್ಳಿ ಜನರನ್ನ ವರ್ಷಾನುಗಟ್ಟಲೆ ಫಾಲೋ ಮಾಡ್ತಿದ್ದಾರೆ, ಈ ಕಾರಣಗಳಲ್ಲಿ ನಮ್ಮ ಜನಕ್ಕೇ ಯಾವುದು ಎಷ್ಟು ಮುಖ್ಯ ಅಂತ ಅಲ್ಲಿಂದ ತಿಳಿಯುತ್ತೆ.

ಮನೇಲಿ ಯಾರನ್ನಾದ್ರೂ ತೋರಿಸೋಕೆ ಹೋಗೋ ಹಾಗಿದ್ರೆ ಜೊತೇಲಿ ವಾಸ ಇರೋರೇ ಹೋಗಿ. ತಗೊಳ್ತಿರೋ ಎಲ್ಲಾ ಮಾತ್ರೆ ಸ್ಟ್ರಿಪ್ಪೂ ಇರ್ಲಿ, ನಿದ್ದೆ ಮಾತ್ರೆ, ಅಲರ್ಜಿ ಮಾತ್ರೆ ಸೇರಿಸಿ, ಮರೆವು ಅವುಗಳಿಂದ್ಲೂ ಬರುತ್ತೆ. ಯಾವ ಕೆಲಸ ಯಾವಾಗಿಂದ ಬಿಟ್ರು ಅಂತ ಒಂದು ಚೀಟೀಲಿ ಬರ್ಕೊಳ್ಳಿ, ಅವ್ರ ಎದುರಿಗೆ ಹೇಳೋಕೆ ಸಂಕೋಚ ಆದ್ರೆ ಚೀಟಿ ಕೊಟ್ಟು ಸುಮ್ನೆ ಕೂತ್ರೂ ನಡೆಯುತ್ತೆ.