ಹಳೆ ಕಾದಂಬರಿಯಿಂದ ಸೀರಿಯಲ್ ಬರೆಯೋದು ಹೇಗೆ
ಮೊದಲು ರೈಟ್ಸ್, ಅಂದರೆ ಕಾದಂಬರಿಯನ್ನು ಸೀರಿಯಲ್ ಮಾಡೋ ಹಕ್ಕು ಕೇಳಿ, ಆಮೇಲೆ ಪೆನ್ನು ಹಿಡಿಯಿರಿ. ನಾನು ಇದನ್ನು ಉಲ್ಟಾ ಮಾಡಿ ಕೆಟ್ಟೆ. ಕೋಲಾರದ ಬಾಡಿಗೆ ರೂಮಿನಲ್ಲಿ ಎರಡು ತಿಂಗಳು ಕೂತು ಹದಿನೈದು ಎಪಿಸೋಡ್ ಬರೆದು, ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ಸೀರಿಯಲ್ ಮಾಡುವವರಿಗೆ ತೋರಿಸಿದರೆ, ಅವರು ಮೊದಲು ಕೇಳಿದ್ದೇ "ರೈಟ್ಸ್ ಯಾರ ಹತ್ರ ಇದೆ?" ಅಂತ. ವಿಚಾರಿಸಿದರೆ ಲೇಖಕರ ಮನೆಯವರು ಆಗಲೇ ಬೇರೆಯವರಿಗೆ ಕೊಟ್ಟಾಗಿತ್ತು.

ಲೆಕ್ಕ ಸುಲಭ. ಲೇಖಕರು ತೀರಿಕೊಂಡ ಮುಂದಿನ ಜನವರಿಯಿಂದ 60 ವರ್ಷ ಹಕ್ಕು ಉಳಿಯುತ್ತದೆ. ನಮ್ಮ ಮಾಲೂರು ಕಡೆಯ ಮಾಸ್ತಿಯವರು ಹೋಗಿದ್ದು 1986ರಲ್ಲಿ. ಅಂದರೆ 2046 ಮುಗಿಯುವವರೆಗೂ ಕೇಳಲೇಬೇಕು, ನಮ್ಮ ಜಿಲ್ಲೆಯವರೇ ಅಲ್ವಾ ಅನ್ನೋ ಸಲುಗೆ ನಡೆಯಲ್ಲ. ಹಳೇ ಕಾಲದ ಕಾದಂಬರಿಕಾರ ಎಂ.ಎಸ್. ಪುಟ್ಟಣ್ಣನವರು 1930ರಲ್ಲೇ ಹೋದರು, ಅವರ ಕಾದಂಬರಿಗೆ ಯಾರ ಅಪ್ಪಣೆಯೂ ಬೇಡ. ಒಪ್ಪಿಗೆ ಸಿಕ್ಕರೆ ಬರಹದಲ್ಲೇ ತಗೊಳ್ಳಿ, ಎಷ್ಟು ವರ್ಷಕ್ಕೆ ಅಂತಲೂ ಬರೆಸಿ. ಬರೆಸದಿದ್ದರೆ ಕಾನೂನು ಅದನ್ನು 5 ವರ್ಷ ಅಂತಲೇ ಓದುತ್ತದೆ.

ಇನ್ನು ನಿಜವಾದ ಕೆಲಸ. ಪುಸ್ತಕ ಒಂದು ಸಲ ಸುಮ್ನೆ ಓದಿ. ಎರಡನೇ ಸಲ ಪೆನ್ಸಿಲ್ ಹಿಡಿದು, ತೆರೆ ಮೇಲೆ ಕಣ್ಣಿಗೆ ಕಾಣದ್ದನ್ನು ಹೇಳುವ ಸಾಲುಗಳಿಗೆಲ್ಲ ಗೆರೆ ಎಳೆಯಿರಿ. "ಅವಳಿಗೆ ಗಂಡನ ಮೇಲಿದ್ದ ನಂಬಿಕೆ ಹೋಗಿತ್ತು" ಅಂತಿದೆ ಅಂದುಕೊಳ್ಳಿ. ಹೊಸಬರು ಇದನ್ನು ಗೆಳತಿಯ ಮುಂದೆ ಹೇಳಿಸಿ ಅಳಿಸುತ್ತಾರೆ. ನನ್ನ ಪ್ರಕಾರ ಅದು ಸೋಮಾರಿತನ. ದಿನಾ ಎಷ್ಟೊತ್ತಾದರೂ ಕಾದು ಬಿಸಿ ಮುದ್ದೆ ಇಡುತ್ತಿದ್ದವಳು ಇವತ್ತು ತಟ್ಟೆಗೆ ಮುಚ್ಚಳ ಮುಚ್ಚಿ ಮಲಗಿದ್ದಾಳೆ. ಅವನು ತೆಗೆದು ನೋಡುತ್ತಾನೆ. ಮುದ್ದೆ ತಣ್ಣಗಾಗಿ ಬಿರುಕು ಬಿಟ್ಟಿದೆ, ಪಕ್ಕದಲ್ಲಿ ಬಸ್ಸಾರು ಇಲ್ಲ. ಎಬ್ಬಿಸಲು ಧೈರ್ಯ ಸಾಲದೆ ನೀರಲ್ಲಿ ಅದ್ದಿ ನುಂಗುತ್ತಾನೆ. ಅಷ್ಟೇ ಸೀನ್, ಒಂದು ಮಾತೂ ಬೇಡ, ನಮ್ಮ ಕಡೆಯವರಿಗೆ ಸಾರಿಲ್ಲದ ಮುದ್ದೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಒಂದು ಅಧ್ಯಾಯಕ್ಕೆ ಒಂದು ಎಪಿಸೋಡ್ ಅಂತ ಹಂಚಬೇಡಿ. ಅರ್ಧ ಗಂಟೆ ಸ್ಲಾಟಲ್ಲಿ ಜಾಹೀರಾತು ಕಳೆದರೆ ಕಥೆಗೆ ಉಳಿಯೋದು ಸುಮಾರು 22 ನಿಮಿಷ. ಅಧ್ಯಾಯ ಸಮಾಧಾನದಲ್ಲಿ ಮುಗಿಯುತ್ತದೆ, ಎಪಿಸೋಡ್ ಹಾಗೆ ಮುಗಿಯಬಾರದು. ಅವನು ಮುಚ್ಚಳಕ್ಕೆ ಕೈ ಹಾಕಿದಾಗಲೇ ಕಟ್ ಮಾಡಿ.

ಭಾಷೆ ಇನ್ನೊಂದು ತಲೆನೋವು. ಮುಳಬಾಗಿಲಿನ ಅಜ್ಜಿ ಮಾತಲ್ಲಿ ತೆಲುಗು ಬೆರೆತಿರುತ್ತದೆ, ಅದನ್ನು ತೊಳೆದು ಸೀರಿಯಲ್ ಕನ್ನಡ ಮಾಡಿದರೆ ಅಜ್ಜಿ ಸತ್ತಳು ಅಂತಲೇ.

ಎಷ್ಟು ಎಪಿಸೋಡ್ ಅಂತ ಮೊದಲೇ ಕೇಳಿ. ಇನ್ನೂರು ಪುಟದ ಪುಸ್ತಕಕ್ಕೆ ಐನೂರು ಎಪಿಸೋಡ್ ಅಂದರೆ, ಪುಸ್ತಕದಲ್ಲಿಲ್ಲದ ಒಬ್ಬ ಕೆಟ್ಟ ಅತ್ತೆಯನ್ನು ನೀವೇ ಹುಟ್ಟಿಸಬೇಕಾಗುತ್ತದೆ.